ಐಡಿಯಾ ಕೇಳಿದರೆ ಥರ್ಮಾಕೋಲ್ ಕೊಡಬೇಡಿ

ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆಂದೇ ಇರುವ ಇನ್‌ಸ್ಪೈರ್ ಅವಾರ್ಡ್–ಮಾನಕ್ ಯೋಜನೆಯ ನೋಂದಣಿಯ ಗಡುವು ಹತ್ತಿರ ಬಂತೆಂದರೆ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲ್, ಬಜರ್, 9 ವೋಲ್ಟ್ ಬ್ಯಾಟರಿ ಚೆನ್ನಾಗಿ ಖರ್ಚಾಗುತ್ತವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಣ ಕೊಟ್ಟು, ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ ಜೊತೆಗೂಡಿ ನಡೆಸುವ ಈ ಯೋಜನೆ ಮೊದಲು ಕೇಳುವುದು ಮಾದರಿಯನ್ನಲ್ಲ, ಮಗುವಿನ ಐಡಿಯಾವನ್ನು. ಐಡಿಯಾ ಆಯ್ಕೆಯಾದ ಮೇಲೆ, ಮಾದರಿ ಮಾಡಿಕೊಳ್ಳಲಿ ಎಂದೇ, 10,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಅಷ್ಟರೊಳಗೆ ಪೋಷಕರು ಕೈಯಿಂದ ದುಡ್ಡು ಹಾಕಿ ಅಂಗಡಿಯ ಹೈಡ್ರಾಲಿಕ್ ಸೇತುವೆಯ ಮಾದರಿ ತಂದುಕೊಟ್ಟರೆ ಅದು ಸ್ಟಾಫ್ ರೂಮಿನ ಬೀರು ಮೇಲೆ ಧೂಳು ತಿನ್ನುತ್ತದೆ, ಅಷ್ಟೇ.

ಹಾಗಾದರೆ ಮಗುವಿನ ಹೆಸರಲ್ಲಿ ಹೋಗುವ ಐಡಿಯಾದ ಬರಹ ಯಾರದು? ಬಹುಪಾಲು ವಿಜ್ಞಾನ ಮೇಷ್ಟ್ರದ್ದು. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿ ತುಂಬುವ ಸ್ಯಾಟ್ಸ್ ಎಂಟ್ರಿಗಳ ನಡುವೆ ‘ಇವತ್ತೇ ಐದು ಐಡಿಯಾ ಹಾಕಿ’ ಎಂದು ಮೇಲಿನಿಂದ ಫೋನ್ ಬಂದರೆ ಅವರಾದರೂ ಏನು ಮಾಡಿಯಾರು? ಯೂಟ್ಯೂಬ್ ತೆರೆಯುತ್ತಾರೆ. ಸ್ಮಾರ್ಟ್ ಡಸ್ಟ್‌ಬಿನ್, ಮಳೆ ಅಲಾರಂ, ಕುರುಡರ ಸೆನ್ಸರ್ ಕೋಲು. ಇದೇ ಮೂರು ನಾಲ್ಕು ದೇಶದ ಮೂಲೆಮೂಲೆಯಿಂದ ಬರುತ್ತಿರುತ್ತವೆ. ಐಡಿಯಾ ಆರಿಸುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಅವರು ನೋಡುವುದು ಹೊಸತನ, ಜನರಿಗೆ ಉಪಯೋಗ, ಪರಿಸರಕ್ಕೆ ಹಾನಿಯಾಗದಿರುವುದು, ಬಳಸಲು ಸುಲಭವೇ ಎಂಬುದು, ಈಗಿರುವುದಕ್ಕಿಂತ ಯಾವುದರಲ್ಲಿ ಮೇಲು ಎಂಬುದು. ಕೊನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಮಲೆನಾಡಿನ ಒಂದು ಅಂಗಳ ಅಂದುಕೊಳ್ಳಿ. ಅಡಿಕೆ ಒಣಹಾಕಿದೆ, ಮೋಡ ಕವಿದಿದೆ. ಅಜ್ಜಿ ಟಾರ್ಪಾಲಿನ ಒಂದು ತುದಿ ಎಳೆದುಕೊಂಡು ಬರುತ್ತಾರೆ. ಇನ್ನೊಂದು ತುದಿ ಹಿಡಿಯುವವರಿಲ್ಲ. ಟಾರ್ಪಾಲು ಕೆರೆದುಕೊಂಡು ಹೋದಲ್ಲೆಲ್ಲ ಅಡಿಕೆ ಚೆಲ್ಲಾಪಿಲ್ಲಿ. ಏಳನೇ ಕ್ಲಾಸಿನ ಮೊಮ್ಮಗಳು ಹೇಳುತ್ತಾಳೆ: ‘ಟಾರ್ಪಾಲಿನ ಒಂದು ಅಂಚನ್ನು ಪಿವಿಸಿ ಪೈಪಿಗೆ ಸುತ್ತಿಟ್ಟರೆ ಅಜ್ಜಿ ಒಬ್ಬರೇ ಉರುಳಿಸಿಕೊಂಡು ಮುಚ್ಚಬಹುದು.’ ಐಡಿಯಾ ಎಂದರೆ ಇದು. ಮೇಷ್ಟ್ರು ಇದನ್ನೇ ‘ಐಒಟಿ ಆಧಾರಿತ ಸ್ವಯಂಚಾಲಿತ ಕೃಷಿ ಉತ್ಪನ್ನ ಸಂರಕ್ಷಣಾ ವ್ಯವಸ್ಥೆ’ ಮಾಡಿದರೆ ಅಜ್ಜಿಯೂ ಹೋದರು, ಅಡಿಕೆಯೂ ಹೋಯಿತು. ಬರೆಸಬೇಕಾದದ್ದು ಇಷ್ಟು: ತೊಂದರೆ ಯಾರದು, ಈಗ ಹೇಗೆ ನಿಭಾಯಿಸುತ್ತಿದ್ದಾರೆ, ಅದರಲ್ಲಿ ಏನು ಕೊರತೆ, ತನ್ನ ಉಪಾಯ ಹೇಗೆ ಕೆಲಸ ಮಾಡುತ್ತದೆ. ಪೆನ್ಸಿಲ್ಲಿನಲ್ಲಿ ಒಂದು ಚಿತ್ರವೂ ಇರಲಿ. ಅಂಗಳ ಹತ್ತು ಅಡಿ ಅಗಲವಿದ್ದರೆ ಪೈಪ್ ಎಷ್ಟುದ್ದ, ನಡುವೆ ಬಾಗುತ್ತದೆಯೇ, ಗಾಳಿಗೆ ಟಾರ್ಪಾಲು ಎದ್ದರೆ ಏನು? ಈ ಪ್ರಶ್ನೆಗಳನ್ನು ಕೇಳುವುದಷ್ಟೇ ಮೇಷ್ಟ್ರ ಕೆಲಸ. ಉತ್ತರ ತಪ್ಪಿದ್ದರೂ ಮಗುವಿನದೇ ಆಗಿರಲಿ. ಕನ್ನಡದಲ್ಲೇ ಯೋಚಿಸಿ ಬರೆಯಲಿ.

ಆಯ್ಕೆಯಾದ ಮೇಲೂ ದುಡ್ಡು ಬಾರದಿದ್ದರೆ ಮೊದಲು ಪಾಸ್‌ಬುಕ್ ನೋಡಿ. ಶಾಲಾ ದಾಖಲೆಯಲ್ಲಿ ‘ಕಾವ್ಯ ಎಂ.’, ಬ್ಯಾಂಕಿನಲ್ಲಿ ‘ಕಾವ್ಯಶ್ರೀ’. ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಂತ ಖಾತೆ. ಬ್ಯಾಂಕ್ ವಿಲೀನವಾದ ಮೇಲೂ ಹಳೆಯ ಐಎಫ್‌ಎಸ್‌ಸಿ. ಅಣ್ಣನ ಖಾತೆ ಸಂಖ್ಯೆ ಕೊಟ್ಟವರೂ ಇದ್ದಾರೆ! ಮಗುವಿನ ಹೆಸರು, ಐಡಿಯಾ ಯೋಜನೆಗೆ ಕಳಿಸುವ ಮೊದಲೇ ಬ್ಯಾಂಕಿಗೆ ಒಮ್ಮೆ ಹೋಗಿಬನ್ನಿ. ಯೋಜನೆಯ ವೆಬ್‌ಸೈಟ್ ಆದ ಇ-ಮಿಯಾಸ್ ಪೋರ್ಟಲ್‌ನಲ್ಲಿ ಶಾಲೆಯ ನೋಂದಣಿಗೆ ಜಿಲ್ಲಾ ಹಂತದ ಒಪ್ಪಿಗೆ ಬೇಕು, ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ವಯಸ್ಸು, ತರಗತಿಯ ಮಿತಿಗೆ ಆಯಾ ವರ್ಷದ ಮಾರ್ಗಸೂಚಿಯನ್ನೇ ನೋಡಿ, ಹೋದ ವರ್ಷದ ವಾಟ್ಸಾಪ್ ಮೆಸೇಜನ್ನಲ್ಲ.

ಯೋಜನೆಯ ಲೆಕ್ಕದಲ್ಲಿ ದೇಶಾದ್ಯಂತ ಆರಿಸುವುದು 1 ಲಕ್ಷ ಐಡಿಯಾ. ಜಿಲ್ಲಾ ಪ್ರದರ್ಶನ ದಾಟುವುದು 10,000, ರಾಜ್ಯ ದಾಟುವುದು 1,000, ಕೊನೆಗೆ ಉಳಿಯುವುದು 60. ಈ ಇಳಿಜಾರಿನ ಮೊದಲ ಮೆಟ್ಟಿಲಲ್ಲೇ, ಜಿಲ್ಲಾ ಪ್ರದರ್ಶನದ ಮೇಜಿನೆದುರು, ಬೇರೆಯವರು ಬರೆದುಕೊಟ್ಟದ್ದು ಬಯಲಾಗುತ್ತದೆ. ತೀರ್ಪುಗಾರರು ‘ಇಲ್ಲಿ ಈ ಬೋಲ್ಟ್ ಯಾಕಮ್ಮ?’ ಎಂದು ಕೇಳುತ್ತಾರೆ. ಮಗು ಹಿಂದೆ ತಿರುಗಿ ಮೇಷ್ಟ್ರ ಮುಖ ನೋಡುತ್ತದೆ.