ಕಣ್ಣಿಗೂ ಸ್ಕ್ಯಾನಿಂಗಾ?

"ಬಸುರಿ ಹೆಂಗಸರಿಗೆ ಮಾಡೋ ಸ್ಕ್ಯಾನಿಂಗ್ ನನಗ್ಯಾಕ್ರೀ ಡಾಕ್ಟ್ರ?" ಅಷ್ಟು ನೋವಿನಲ್ಲೂ ನಮ್ಮ ಕಾಕಾ ಕೇಳಿದ್ದು ಇದನ್ನೇ. ಜಮಖಂಡಿ ಕಡೆಯವರು. ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದರು. ಮೂರು ದಿನ ಗೋಡೆ ಮೇಲಿನ ಕ್ಯಾಲೆಂಡರ್ ತಾರೀಖು ಓದಿ ಹೇಳಿದ್ದೇ ಹೇಳಿದ್ದು. ನಾಲ್ಕನೇ ದಿನ ಕಣ್ಣು ಕೆಂಡದ ಹಾಗೆ ಕೆಂಪು, ಎದುರಿಗಿದ್ದವರೆಲ್ಲ ಮಂಜು ಮಂಜು. ಕಬ್ಬಿನ ಹೊಲದ ಧೂಳು ಹೋಗಿರಬೇಕು, ಎರಡು ದಿನ ಡ್ರಾಪ್ಸ್ ಹಾಕಿ ನೋಡೋಣ ಅಂದರು ಮನೆಯವರು. ಕಾಕು ಯಾರ ಮಾತೂ ಕೇಳದೆ ಅವತ್ತೇ ಬಾಗಲಕೋಟೆಗೆ ಕರೆತಂದರು. ಒಳ್ಳೇದೇ ಆಯಿತು, ಯಾಕಂದ್ರೆ ಕಣ್ಣೊಳಗೆ ಸೋಂಕು ಹತ್ತಿದರೆ ಲೆಕ್ಕ ದಿನದ್ದಲ್ಲ, ಗಂಟೆಯದ್ದು.

ಲೋಟದ ತಳದಲ್ಲಿ ಗಸಿ ನಿಲ್ಲುತ್ತದಲ್ವಾ, ಹಾಗೆ ಕಣ್ಣಿನ ಮುಂಭಾಗದ ತಳದಲ್ಲಿ ಬಿಳಿ ಕೀವು ನಿಂತಿತ್ತು. ಅದರ ಹಿಂದೆ ಏನಾಗಿದೆ ಅಂತ ಟಾರ್ಚ್ ಬಿಟ್ಟರೂ ಕಾಣದು. 1991ರಲ್ಲಿ ಬಂದ ಓಸಿಟಿ ಅನ್ನೋ ಬೆಳಕಿನ ಸ್ಕ್ಯಾನ್, ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ರೆಟಿನಾದ ಒಂದೊಂದು ಪದರವನ್ನೂ ಬಿಡಿಸಿ ತೋರಿಸುತ್ತದೆ, ನಿಜ. ಆದರೆ ಅದೂ ಬೆಳಕನ್ನೇ ನಂಬಿಕೊಂಡಿದೆ. ಒಳಗೆಲ್ಲ ಕೀವು ತುಂಬಿದ್ದರೆ ಬೆಳಕು ದಾಟುವುದಿಲ್ಲ. ಶಬ್ದ ದಾಟುತ್ತದೆ.

ಅದಕ್ಕೇ ಬಿ-ಸ್ಕ್ಯಾನ್, ಅಂದರೆ ಕಣ್ಣಿನ ಅಲ್ಟ್ರಾಸೌಂಡ್. ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ, ಪೆನ್ನಿನಷ್ಟು ಉದ್ದದ ಪ್ರೋಬ್ ಇಡುತ್ತಾರೆ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಸಾಮಾನ್ಯವಾಗಿ 3ರಿಂದ 5 ಮೆಗಾಹರ್ಟ್ಸ್ ಶಬ್ದ ಸಾಕು, ಕಣ್ಣಿಗೆ ಸುಮಾರು 10. ಹೀಗೆ ಏರಿಸಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಶಬ್ದ ಆಳಕ್ಕೆ ಇಳಿಯುವುದಿಲ್ಲ; ಕಣ್ಣು ಇರೋದೇ ಸುಮಾರು 24 ಮಿಲಿಮೀಟರ್, ಹಾಗಾಗಿ ತೊಂದರೆ ಇಲ್ಲ. ಆರೋಗ್ಯವಾಗಿದ್ದರೆ ಕಣ್ಣೊಳಗಿನ ಲೋಳೆ ಸ್ಕ್ರೀನ್ ಮೇಲೆ ಬರೀ ಕಪ್ಪಾಗಿ ಕಾಣುತ್ತದೆ. ಕಾಕಾನ ಕಣ್ಣಲ್ಲಿ ಬಿಳಿ ಚುಕ್ಕೆಗಳು, ಎಳೆಗಳು. "ಎಡಕ್ಕೆ ನೋಡ್ರಿ" ಅಂದಾಗ ಅವೆಲ್ಲ ಅಲುಗಾಡಿದವು. ರೆಟಿನಾ ಮಾತ್ರ ಕಿತ್ತು ಬಂದಿರಲಿಲ್ಲ.

ಹಾಗಂತ ಸ್ಕ್ಯಾನ್ ಕ್ರಿಮಿಯನ್ನು ತೋರಿಸುವುದಿಲ್ಲ. ಅದು ಮಾಡಿದ ಹಾವಳಿಯನ್ನಷ್ಟೇ ತೋರಿಸುತ್ತದೆ. ಕ್ರಿಮಿ ಯಾವುದು ಅಂತ ತಿಳಿಯಲು ಸೂಜಿಯಿಂದ ಹನಿ ದ್ರವ ತೆಗೆದು ಲ್ಯಾಬಿಗೆ ಕಳಿಸಬೇಕು. ವರದಿ ಬರಲಿ ಅಂತ ಯಾರೂ ಕಾಯುವುದಿಲ್ಲ: ವ್ಯಾಂಕೊಮೈಸಿನ್, ಸೆಫ್ಟಾಜಿಡಿಮ್ ಅನ್ನೋ ಆ್ಯಂಟಿಬಯಾಟಿಕ್ ಎರಡನ್ನೂ ನೇರ ಕಣ್ಣೊಳಗೇ ಚುಚ್ಚುತ್ತಾರೆ. ಮಾತ್ರೆ ನುಂಗಿದರೆ ರಕ್ತದಿಂದ ಅಲ್ಲಿಗೆ ಸಾಕಷ್ಟು ಔಷಧಿ ತಲುಪುವುದಿಲ್ಲ.

ಇನ್ನು ಲೆನ್ಸ್ ವಿಷಯ. ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಲೆನ್ಸ್ ಕೂರಿಸಿದ್ದು, ಯುದ್ಧವಿಮಾನದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಲ್ಲಿ ಸುಮ್ನೆ ಉಳಿದಿದ್ದನ್ನು ಕಂಡು. ಕಣ್ಣು ಪ್ಲಾಸ್ಟಿಕ್ಕನ್ನು ತಾಳಿಕೊಳ್ಳುತ್ತದೆ, ಆದರೆ ಬ್ಯಾಕ್ಟೀರಿಯಾಗಳೂ ಅದರ ಮೇಲೆ ಅಂಟಿ ಮನೆ ಮಾಡಬಲ್ಲವು. ಕೆಲವು ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಕಾಡುತ್ತವೆ. ಸಿಟಿ, ಎಂಆರ್‌ಐ ಇಲ್ಲಿ ಅಷ್ಟಾಗಿ ಬೇಕಾಗುವುದಿಲ್ಲ. ಕಣ್ಣುಗುಡ್ಡೆಯನ್ನೇ ತೆಗೆದು ಕೃತಕ ಗೋಳ ಕೂರಿಸಿದ ಕಡೆ ಸೋಂಕಾದರೆ ಅವು ಬೇಕು.

ಮೂರು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರು. ಚುಕ್ಕೆಗಳು ಕಡಿಮೆಯಾಗಿದ್ದವು. ಕಾಕಾನ ತಕರಾರು ಒಂದೇ, ಜೆಲ್ ಭಾಳ ತಣ್ಣಗೈತಿ ಅಂತ.