ಓದದೇ ‘ಒಪ್ಪುತ್ತೇನೆ’ ಒತ್ತಿದರೆ ಅದು ಕೋರ್ಟಿನಲ್ಲಿ ನಿಲ್ಲುತ್ತಾ?

ಪ್ರಶ್ನೆ: ಆ್ಯಪ್ ಹಾಕಿಕೊಳ್ಳುವಾಗ ಷರತ್ತುಗಳನ್ನು ಓದದೇ ‘ಒಪ್ಪುತ್ತೇನೆ’ ಒತ್ತಿಬಿಟ್ಟೆ. ಎಲ್ಲೂ ಸಹಿ ಹಾಕಿಲ್ಲ. ಆದರೂ ನಾನು ಅದಕ್ಕೆ ಬದ್ಧನಾ?

ಉತ್ತರ: ಸಾಮಾನ್ಯವಾಗಿ ಹೌದು. ‘ನಾನು ಓದೇ ಇಲ್ಲ’ ಅನ್ನುವ ವಾದ ಇಂಟರ್ನೆಟ್ ಬರುವ ಮೊದಲೇ ಸೋತಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಕೆಫೆ ನಡೆಸುತ್ತಿದ್ದ ಮಹಿಳೆಯೊಬ್ಬರು ಸಿಗರೇಟು ಮಾರುವ ಯಂತ್ರ ಕೊಂಡು, ಸಣ್ಣ ಅಕ್ಷರದ ಕರಾರನ್ನು ಓದದೇ ಸಹಿ ಹಾಕಿದ್ದರು. ಯಂತ್ರ ಕೈಕೊಟ್ಟಿತು, 1934ರಲ್ಲಿ ಕೋರ್ಟೂ ಅವರ ಕೈ ಹಿಡಿಯಲಿಲ್ಲ. ಇನ್ನು ಸಹಿಯ ಮಾತು. ಹೆಚ್ಚಿನ ಕರಾರುಗಳಿಗೆ ಸಹಿಯೇ ಬೇಕು ಅಂತೇನಿಲ್ಲ. ಒಪ್ಪಿಗೆ ತೋರಿಸುವ ಯಾವುದೇ ಕೆಲಸ ಸಾಕು, ಕ್ಲಿಕ್ ಕೂಡ.

ಆದರೆ ಷರತ್ತು ಇದೆ ಅಂತ ನಿಮಗೆ ಗೊತ್ತಾಗುವ ಹಾಗಿರಬೇಕು. ನಿಜವಾದ ಜಗಳ ನಡೆಯುವುದು ಇಲ್ಲೇ. ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ವೆಬ್ ಪುಟದಲ್ಲಿ ಡೌನ್‌ಲೋಡ್ ಬಟನ್ ಮೇಲಿತ್ತು, ಷರತ್ತಿನ ಕೊಂಡಿ ಕೆಳಗಿತ್ತು. ಸ್ಕ್ರೋಲ್ ಮಾಡದವರಿಗೆ ಅದು ಕಾಣುತ್ತಲೇ ಇರಲಿಲ್ಲ. 2002ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ಇದು ಒಪ್ಪಿಗೆಯೇ ಅಲ್ಲ ಎಂದಿತು. 2014ರಲ್ಲಿ ಅಲ್ಲಿನ ಪುಸ್ತಕದಂಗಡಿ ಕಂಪನಿ ಬಾರ್ನ್ಸ್ ಅಂಡ್ ನೋಬಲ್ ಕೂಡ ಹೀಗೇ ಸೋತಿತು. ಅವರ ಕೊಂಡಿ ಪುಟಗಳಲ್ಲಿ ಕಾಣುತ್ತಿತ್ತು ನಿಜ. ಆದರೆ ಗ್ರಾಹಕ ಅದಕ್ಕೆ ‘ಹೂಂ’ ಅಂದಿದ್ದಕ್ಕೆ ಏನೂ ಗುರುತಿರಲಿಲ್ಲ. ‘ಸೈಟ್ ಬಳಸಿದರೆ ಒಪ್ಪಿದಂತೆ’ ಅನ್ನುವ ಸಾಲಿಗಿಂತ ಟಿಕ್ ಹಾಕಿಸುವ ಚೌಕವೇ ಗಟ್ಟಿ. ಕಂಪನಿಗಳು ಸುಮ್ನೆ ಟಿಕ್ ಹಾಕಿಸುವುದಿಲ್ಲ.

ಕರಾರು ನಿಂತರೂ ಅದರೊಳಗಿನ ಎಲ್ಲ ಷರತ್ತೂ ನಿಲ್ಲಬೇಕಿಲ್ಲ. ಊಬರ್ ಚಾಲಕರ ಕರಾರಿನಲ್ಲಿ ತಕರಾರನ್ನು ನೆದರ್ಲೆಂಡ್ಸ್‌ನ ಕಾನೂನಿನಂತೆ, ಮಧ್ಯಸ್ಥಿಕೆಯಲ್ಲೇ (ಕೋರ್ಟಿಗೆ ಹೋಗದೆ, ಮಧ್ಯಸ್ಥರ ಮುಂದೆ) ಬಗೆಹರಿಸಬೇಕು ಅಂತಿತ್ತು. ಅದನ್ನು ಶುರು ಮಾಡಲೇ ಸುಮಾರು 14,500 ಡಾಲರ್ ಬೇಕು! ಕೆನಡಾದಲ್ಲಿ ದಾವೆ ಹೂಡಿದ ಚಾಲಕನ ವರ್ಷದ ಗಳಿಕೆಯ ಬಹುಪಾಲು ಅದಕ್ಕೇ ಹೋಗುತ್ತಿತ್ತು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಷರತ್ತನ್ನೇ ಕಿತ್ತುಹಾಕಿತು. ಹಾಗಂತ ಪ್ರತಿಸಲ ಹೀಗೇ ಆಗುತ್ತದೆ ಅಂದುಕೊಳ್ಳಬೇಡಿ. ಮಧ್ಯಸ್ಥಿಕೆಯ ಷರತ್ತುಗಳನ್ನು ಕೋರ್ಟುಗಳು ಎತ್ತಿಹಿಡಿದದ್ದೂ ಸಾಕಷ್ಟಿದೆ.

ಆದ್ದರಿಂದ, ಇಡೀ ಪುಟ ಓದಲು ಪುರುಸೊತ್ತಿಲ್ಲ ಅಂದರೆ ಮೂರು ವಿಷಯ ಹುಡುಕಿ: ತಕರಾರು ಎಲ್ಲಿ ಬಗೆಹರಿಯಬೇಕು, ಹಣ ವಾಪಸ್ ಯಾವಾಗ, ಚಂದಾ ತಾನಾಗಿಯೇ ಮುಂದುವರಿಯುತ್ತಾ. ನನ್ನ ಪ್ರಕಾರ ಮೊದಲನೆಯದೇ ಜಾಸ್ತಿ ಅಪಾಯದ್ದು, ಯಾರೂ ನೋಡದೇ ಇರುವುದೂ ಅದನ್ನೇ. ಹಣದ ವ್ಯವಹಾರವಾದರೆ ಒಪ್ಪುವ ದಿನವೇ ಷರತ್ತಿನ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಆಮೇಲೆ ಅದು ಬದಲಾದರೆ, ನೀವು ಒಪ್ಪಿದ್ದು ಯಾವುದಕ್ಕೆ ಅಂತ ತೋರಿಸಬಹುದು.