ಫೀಡ್‌ಬ್ಯಾಕ್‌ನಲ್ಲಿ 4.6 ಬಂದವರೇ ಉತ್ತಮ ಬೋಧಕರೇ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಸೆಪ್ಟೆಂಬರ್ 5ಕ್ಕೆ ‘ಉತ್ತಮ ಬೋಧಕ’ ಪ್ರಶಸ್ತಿ ಕೊಡುತ್ತಾರೆ. ಈ ಸಲ ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೇನೆ. ವಿದ್ಯಾರ್ಥಿಗಳ ಫೀಡ್‌ಬ್ಯಾಕ್‌ನಲ್ಲಿ 5ಕ್ಕೆ ಒಬ್ಬರಿಗೆ 4.6, ಇನ್ನೊಬ್ಬರಿಗೆ 4.2 ಬಂದಿದೆ. ಹೆಚ್ಚು ಬಂದವರಿಗೆ ಕೊಟ್ಟರೆ ತಂಟೆ ಇರೋದಿಲ್ಲ ಅಂತಾರೆ ಉಳಿದವರು. ಇದು ಸರಿಯೇ?
– ಓದುಗರೊಬ್ಬರು, ವಿಜಯಪುರ

ಸರಿಯಲ್ಲ. ಆ ಅಂಕಗಳನ್ನು ಎಷ್ಟು ಜನ ಕೊಟ್ಟಿದ್ದಾರೆ ಎಂಬುದನ್ನು ಮೊದಲು ನೋಡಿ. ಸ್ನಾತಕೋತ್ತರ ತರಗತಿಯಲ್ಲಿ 12 ಜನ ಫಾರ್ಮ್ ತುಂಬಿದ್ದಾರೆ ಎನ್ನೋಣ. 4.6 ಅಂದರೆ ಒಟ್ಟು 55 ಅಂಕ, 4.2 ಅಂದರೆ 50. ಹಾಜರಿ ಕಡಿಮೆಯಾಗಿ ಐಎ (ಆಂತರಿಕ ಮೌಲ್ಯಮಾಪನ) ಅಂಕ ಕಳಕೊಂಡ ಒಬ್ಬನೇ ಹುಡುಗ ಸಿಟ್ಟಿನಲ್ಲಿ 5ರ ಬದಲು 1 ಒತ್ತಿದರೆ ಅಲ್ಲಿಗೇ 4 ಅಂಕ ಹೋದವು. ಆದ್ದರಿಂದ ಸರಾಸರಿಯನ್ನು ಪಕ್ಕಕ್ಕಿಟ್ಟು, 5 ಎಷ್ಟು ಜನ ಕೊಟ್ಟರು, 1 ಎಷ್ಟು ಜನ ಕೊಟ್ಟರು ಎಂಬ ವಿವರವನ್ನು ಕನಿಷ್ಠ ಮೂರು ವರ್ಷದ್ದು ತರಿಸಿಕೊಳ್ಳಿ. ತರಗತಿಯ ಅರ್ಧಕ್ಕಿಂತ ಕಡಿಮೆ ಮಂದಿ ಉತ್ತರಿಸಿದ ಸೆಮಿಸ್ಟರನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಎಲ್ಲರೂ ಪ್ರಾಮಾಣಿಕವಾಗಿ ಫಾರ್ಮ್ ತುಂಬಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಲಾಟರಿ ಎತ್ತಿದಂತೆ ಬೇರೆಬೇರೆ ಅಧ್ಯಾಪಕರಿಗೆ ಹಂಚುತ್ತಾರೆ. ಅಲ್ಲಿನ ದಾಖಲೆ ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡದ್ದು ಇಷ್ಟು: ಆ ಕೋರ್ಸಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರಿಸಿದವರಿಗೆ ಫೀಡ್‌ಬ್ಯಾಕ್ ಚೆನ್ನಾಗಿ ಬಂತು, ಆದರೆ ಅವರ ವಿದ್ಯಾರ್ಥಿಗಳು ಅದರ ಮುಂದಿನ ಕೋರ್ಸುಗಳಲ್ಲಿ ಹಿಂದೆ ಬಿದ್ದರು. ಬುನಾದಿ ಗಟ್ಟಿಮಾಡುವವರ ಕ್ಲಾಸು ಆ ಹೊತ್ತಿಗೆ ಕಷ್ಟವೆನಿಸುತ್ತದೆ. ಅದರ ಬೆಲೆ ತಿಳಿಯುವಷ್ಟರಲ್ಲಿ ಫಾರ್ಮ್ ತುಂಬಿ ಮುಗಿದಿರುತ್ತದೆ. ನಿಮ್ಮಲ್ಲೂ ಇದನ್ನು ಪರೀಕ್ಷಿಸಬಹುದು. ಮೊದಲ ಸೆಮಿಸ್ಟರಿನಲ್ಲಿ ಒಬ್ಬರ ಕೈಕೆಳಗೆ ಕಲಿತ ಬ್ಯಾಚು ಅದೇ ವಿಷಯದ ಮೂರನೇ ಸೆಮಿಸ್ಟರ್ ಪೇಪರಿನಲ್ಲಿ ಏನು ಮಾಡಿತು ಎಂದು ಪರೀಕ್ಷಾ ವಿಭಾಗದಿಂದ ಕೇಳಿ. ಬರೀ ಪಾಸ್ ಪ್ರಮಾಣ ನೋಡಿದರೆ ಐಎ ಅಂಕ ಧಾರಾಳವಾಗಿ ಹಂಚಿದವರೇ ಮುಂದೆ ಬರುತ್ತಾರೆ.

ಬಡ್ತಿಯ ಕಡತಗಳಿಂದಲೂ ಹೆಚ್ಚು ನೆರವು ಸಿಗದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಲ್ಲಿ ಬೋಧನೆಯನ್ನು ಅಳೆಯುವುದು ನಿಗದಿಯಾದ ಕ್ಲಾಸುಗಳಲ್ಲಿ ಎಷ್ಟು ತೆಗೆದುಕೊಂಡರು ಎಂಬುದರ ಮೇಲೆ. 80 ಪ್ರತಿಶತ ದಾಟಿದರೆ ‘ಉತ್ತಮ’. ಹಳದಿಯಾದ ಹಳೇ ನೋಟ್ಸನ್ನು ಓದಿ ಬರೆಸಿದವರೂ ಇದರಲ್ಲಿ ಉತ್ತಮರೇ.

ಹಾಗಾದರೆ ಏನು ಕೇಳಬೇಕು? ಪ್ರತಿ ನಾಮನಿರ್ದೇಶಿತರಿಂದ 8 ಪುಟ ಮೀರದ ಬೋಧನಾ ಕಡತ ಕೇಳಿ. ವಿಚಾರ ಸಂಕಿರಣದ ಸರ್ಟಿಫಿಕೇಟುಗಳ ಗಂಟು ಬೇಡ ಎಂದು ಸುತ್ತೋಲೆಯಲ್ಲೇ ಬರೆಯಿರಿ, ಇಲ್ಲವಾದರೆ 200 ಪುಟ ಬರುತ್ತದೆ. ಕಡತದಲ್ಲಿ ಇರಬೇಕಾದ್ದು: ವಿದ್ಯಾರ್ಥಿಗಳು ಎಡವುವ ಒಂದೇ ಒಂದು ಘಟಕ, ಅದನ್ನು ಮೊದಲು ಹೇಗೆ ಕಲಿಸುತ್ತಿದ್ದರು, ಏನು ಬದಲಿಸಿದರು, ಬದಲಿಸಿದ ಮೇಲೆ ಉತ್ತರಗಳು ಹೇಗೆ ಬದಲಾದವು. ಜೊತೆಗೆ ಅವರೇ ತೆಗೆದ ಒಂದು ಟೆಸ್ಟ್ ಪ್ರಶ್ನೆಪತ್ರಿಕೆ ಮತ್ತು ತಿದ್ದಿದ ಮೂರು ಉತ್ತರಗಳು – ಮೇಲಿನ, ನಡುವಿನ, ಕೆಳಗಿನ ಅಂಕದವು, ಹೆಸರು ಮುಚ್ಚಿ. ಒಬ್ಬ ಬೋಧಕರ ಬಗ್ಗೆ ಈ ಮೂರು ಉತ್ತರಗಳ ಅಂಚಿನಲ್ಲಿ ಬರೆದ ಟಿಪ್ಪಣಿಗಳು ಹೇಳುವಷ್ಟನ್ನು ಬೇರಾವ ಕಾಗದವೂ ಹೇಳದು. ಬರೀ ‘ರೈಟ್’ ಗುರುತಿದೆಯೋ, ಎಲ್ಲಿ ತಪ್ಪಿತು ಎಂದು ತೋರಿಸಿದ್ದಾರೋ ನೋಡಿ. ನಮ್ಮ ಭಾಗದಲ್ಲಿ ಡಿಗ್ರಿವರೆಗೆ ಕನ್ನಡದಲ್ಲೋ ಗಡಿಯ ಕಡೆ ಮರಾಠಿಯಲ್ಲೋ ಓದಿ, ಎಂ.ಎ., ಎಂ.ಕಾಂ.ಗೆ ಬಂದು ಇಂಗ್ಲಿಷಿನಲ್ಲಿ ಬರೆಯಬೇಕಾದವರು ಬಹಳ. ಅವರನ್ನು ಆ ದಂಡೆಗೆ ದಾಟಿಸಲು ಏನು ಮಾಡಿದರು ಎಂಬ ಪ್ರಶ್ನೆ ಕಡತದಲ್ಲಿ ಕಡ್ಡಾಯವಾಗಿರಲಿ.

ಆಮೇಲೆ ಕ್ಲಾಸಿಗೆ ಹೋಗಿ ಕೂರಬೇಕು, ಒಂದು ಸಲವಲ್ಲ, ಎರಡು ಸಲ. ಸೆಮಿಸ್ಟರಿನ 4ನೇ ವಾರದಿಂದ 10ನೇ ವಾರದೊಳಗೆ ಹೋಗಿ. ಮೊದಲ ವಾರಗಳಲ್ಲಿ ತರಗತಿ ಕುದುರಿರುವುದಿಲ್ಲ, ಕೊನೆಯಲ್ಲಿ ಸಿಲೆಬಸ್ ಮುಗಿಸುವ ಧಾವಂತ. ಇಬ್ಬರು ಹೋಗಲಿ, ಒಬ್ಬರು ಬೇರೆ ವಿಭಾಗದವರು. ಬೋಧಕರು ಎಷ್ಟು ಸೊಗಸಾಗಿ ಮಾತಾಡಿದರು ಎಂದು ಬರೆದುಕೊಳ್ಳಬೇಡಿ. ಎಷ್ಟು ವಿದ್ಯಾರ್ಥಿಗಳು ಬಾಯಿ ಬಿಟ್ಟರು, ತಪ್ಪು ಉತ್ತರ ಬಂದಾಗ ಏನಾಯಿತು, ಹಿಂದಿನ ಬೆಂಚಿನವರು ಏನು ಮಾಡುತ್ತಿದ್ದರು – ಇವನ್ನು ಬರೆದುಕೊಳ್ಳಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕಲಿಕೆಯ ಒಂದು ದೊಡ್ಡ ಪಾಲು ತೋಟದಲ್ಲೇ ನಡೆಯುತ್ತದೆ. ವೈದ್ಯಕೀಯದಲ್ಲಿ ವಾರ್ಡಿನಲ್ಲಿ, ಎಂಜಿನಿಯರಿಂಗ್‌ನಲ್ಲಿ ಲ್ಯಾಬಿನಲ್ಲಿ. ನೋಡುವವರು ಅಲ್ಲಿಗೇ ಹೋಗಬೇಕು.

ಮಾರ್ಗದರ್ಶನಕ್ಕೆ ಬೇರೆ ಪ್ರಶಸ್ತಿಯನ್ನೇ ಇಡಿ. ಸೊಗಸಾಗಿ ಪಾಠ ಹೇಳುವವರೆಲ್ಲ ಒಬ್ಬೊಬ್ಬರನ್ನು ಕೂರಿಸಿಕೊಂಡು ದಾರಿ ತೋರಿಸುವವರಲ್ಲ. ವಿದ್ಯಾರ್ಥಿಗಳಿಗೆ ಕೊಟ್ಟ ಸಲಹೆ ಬರೆದಿಡುವ ಮೆಂಟರ್ ರಿಜಿಸ್ಟರನ್ನು ಪೂರ್ತಿ ನಂಬಬೇಡಿ. ಸಂಸ್ಥೆಯ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿದವೂ ಇರುತ್ತವೆ. ಅದರಲ್ಲಿ ‘ಕೌನ್ಸೆಲಿಂಗ್ ಮಾಡಲಾಯಿತು’ ಎಂಬ ಸಾಲಿಗೆ ಬೆಲೆಯಿಲ್ಲ. ಸ್ಕಾಲರ್‌ಶಿಪ್ ನಿಂತದ್ದು, ಬ್ಯಾಕ್‌ಲಾಗ್ ಉಳಿದದ್ದು, ಮದುವೆ ಗೊತ್ತಾಗಿ ಓದು ಬಿಡಲು ಹೊರಟದ್ದು – ಹೀಗೆ ಸಮಸ್ಯೆ, ಕೈಗೊಂಡ ಕ್ರಮ, ತಾರೀಖು, ಫಲ ನಾಲ್ಕೂ ಇದ್ದರೆ ಅದು ದಾಖಲೆ. ಪಿಎಚ್‌.ಡಿ. ಮಾರ್ಗದರ್ಶಕರ ವಿಷಯದಲ್ಲಿ ಎಷ್ಟು ಪದವಿ ಕೊಡಿಸಿದರು ಎಂದಷ್ಟೇ ಕೇಳುವುದು ರೂಢಿ. ಯುಜಿಸಿ ಲೆಕ್ಕದಲ್ಲೂ ಪದವಿಗೆ 10 ಅಂಕ ಸಿಗುತ್ತದೆ, ನಡುವೆ ಬಿಟ್ಟುಹೋದವರಿಗೆ ಅಂಕಣವೇ ಇಲ್ಲ. ನೀವು ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, 2022ರ ನಿಯಮದ 6 ವರ್ಷದ ಮಿತಿಯೊಳಗೆ ಎಷ್ಟು, ಬಿಟ್ಟವರು ಯಾಕೆ ಬಿಟ್ಟರು ಎಂದು ಕೇಳಿ.

ಓದು ಮುಗಿಸಿ ಎರಡು ವರ್ಷವಾದರೂ ದಾಟಿದ 8–10 ಹಳೆಯ ವಿದ್ಯಾರ್ಥಿಗಳಿಗೆ ಸಮಿತಿಯೇ ಫೋನ್ ಮಾಡಲಿ. ಹೆಸರುಗಳನ್ನು ಬೋಧಕರಿಂದ ಪಡೆಯದೆ ಪ್ರವೇಶ ಪಟ್ಟಿಯಿಂದ ಚೀಟಿ ಎತ್ತಿ. ‘ಸರ್ ಹೆಂಗ ಕಲಸ್ತಿದ್ರು?’ ಎಂದರೆ ‘ಭಾಳ ಛಲೋ ಕಲಸ್ತಿದ್ರು’ ಎಂಬ ಉತ್ತರ ಬರುತ್ತದೆ, ಉಪಯೋಗವಿಲ್ಲ. ‘ಅವರು ಕಲಿಸಿದ್ದರಲ್ಲಿ ಈಗಿನ ಕೆಲಸಕ್ಕೆ ಬಂದದ್ದು ಒಂದು ಹೇಳ್ರಿ’ ಎಂದು ಕೇಳಿ, ಕಾಯಿರಿ.

ಸಮಿತಿಗೆ ಐದು ಜನ ಸಾಕು: ಒಬ್ಬರು ಹೊರಗಿನವರು, ಒಬ್ಬರು ಹಳೆಯ ವಿದ್ಯಾರ್ಥಿ. ನಾಮನಿರ್ದೇಶಿತರ ವಿಭಾಗದ ಮುಖ್ಯಸ್ಥರು ಬೇಡ. ಸ್ವತಃ ಅರ್ಜಿ ಹಾಕುವ ಪದ್ಧತಿಯೊಂದೇ ಇದ್ದರೆ ಸಂಕೋಚದವರು ಹೊರಗುಳಿಯುತ್ತಾರೆ. ಸಹೋದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಹೆಸರು ಸೂಚಿಸಲು ಅವಕಾಶವಿರಲಿ. 2023ರಿಂದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಉನ್ನತ ಶಿಕ್ಷಣದವರಿಗೂ ಸಿಗುತ್ತಿದೆ, ಆದರೆ ಕಾಯಂ ಬೋಧಕರಿಗೆ ಮಾತ್ರ. ಅದೇ ಷರತ್ತನ್ನು ನಕಲು ಮಾಡಬೇಡಿ. ಅರ್ಧಕ್ಕರ್ಧ ಪಾಠವನ್ನು ಅತಿಥಿ ಉಪನ್ಯಾಸಕರೇ ಹೊತ್ತಿರುವ ವಿಭಾಗದಲ್ಲಿ ಅವರನ್ನು ಬಿಟ್ಟು ಉತ್ತಮ ಬೋಧಕರನ್ನು ಹುಡುಕುವುದು ನಗೆಪಾಟಲು. ‘ಈ ವರ್ಷ ಯಾರಿಗೂ ಇಲ್ಲ’ ಎನ್ನುವ ಅಧಿಕಾರವೂ ನಿಯಮದಲ್ಲಿರಲಿ. ಅದಿಲ್ಲದ ಕಡೆ ಪ್ರಶಸ್ತಿ ಮೊದಲು ವಿಭಾಗವಾರು ಸರದಿಯಾಗುತ್ತದೆ, ಆಮೇಲೆ ನಿವೃತ್ತರಾಗುವವರ ಬೀಳ್ಕೊಡುಗೆಯಾಗುತ್ತದೆ.

ಶಾಲು, ಹಾರ, ಫಲಪುಷ್ಪ ಇರಲಿ ಬಿಡಿ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠವಿರುತ್ತದೆ; ಪ್ರಶಸ್ತಿ ಪಡೆದವರಿಗೆ ಅದರಲ್ಲಿ 4 ಗಂಟೆಯನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಇಳಿಸಿಕೊಟ್ಟು, ಹೊಸಬರ ತರಗತಿಗಳಲ್ಲಿ ಕೂತು ಸಲಹೆ ಕೊಡುವ ಕೆಲಸ ವಹಿಸಿ. ಅತಿಥಿ ಉಪನ್ಯಾಸಕರಿಗೆ ಗಂಟೆ ಇಳಿಸಿದರೆ ಗೌರವಧನ ಕಡಿತವಾಗದಂತೆ ಆದೇಶದಲ್ಲೇ ಬರೆಸಿಕೊಳ್ಳಿ.